ಹನ್ನೆರಡು ಮಕ್ಕಳ ಸಾಲಿ

ನಾನು ಏಳನೇ ಇಯತ್ತೆ ಕಲಿತ ಒಕ್ಕಲಿಗ. ಹೊಲ, ಹಾಡು ಎರಡೇ ನನಗ ಗೊತ್ತು. ಆದರೂ ಸಾಲಿಯ ಇತಿಹಾಸದ ಒಂದು ಮಾತು ನಮ್ಮ ಮಾಸ್ತರ ಮಂದಿ ಮುಂದೆ ಇಡಬೇಕಾಗಿದೆ.

ಹಿಂದೆ ಗುಡಿಕಟ್ಟಿ, ಮಠದ ಪಡಸಾಲೆಗಳಲ್ಲಿ ಗಾಂವಠಿ ಸಾಲಿಗಳು ನಡೀತಿದ್ದವು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಸಾಹೇಬ ತನ್ನ ಜಿಲ್ಲೆಯ ಇಂಥ ಸಾಲಿಗಳನ್ನು ಎಣಿಸಿ ಬರೆದಿಟ್ಟ. ಸಾಲಿ 533, ಮಕ್ಕಳು 6,641. ಭಾಗಿಸಿ ನೋಡಿರಿ, ಒಂದು ಸಾಲಿಗೆ ಹನ್ನೆರಡು ಹದಿಮೂರು ಮಕ್ಕಳು. ಮುಂಜಾನೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿ ಹೆಸರು ಬರೀತಿದ್ದರು, ಎರಡನೆಯವನಿಗೆ ಸೊನ್ನೆ, ತಡ ಮಾಡಿದವರಿಗೆ ಏಟು. ದೊಡ್ಡ ಹುಡುಗೂರು ಸಣ್ಣವರಿಗೆ ಕಲಿಸುತ್ತಿದ್ದರು. ಇದು ಇಂಗ್ಲೆಂಡಿನವರೂ ಅನುಸರಿಸುವಂಥ ಪದ್ಧತಿ ಅಂತ ಸಾಹೇಬ ಮೆಚ್ಚಿದ.

ಅವನಿಗಿಂತ ಮೊದಲೇ ಮದರಾಸಿನಲ್ಲಿದ್ದ ಬೆಲ್ ಎಂಬ ಪಾದ್ರಿ ಈ ಪದ್ಧತಿಯನ್ನು ಇಂಗ್ಲೆಂಡಿಗೆ ಒಯ್ದು 1797ರಲ್ಲಿ ಪುಸ್ತಕ ಮಾಡಿದ್ದ. ಆದರ ಅಲ್ಲಿ ಒಬ್ಬ ಮಾಸ್ತರನ ಕೈಗೆ ನೂರಾರು ಮಕ್ಕಳನ್ನು ಕೊಟ್ಟು ಒಂದೇ ದೊಡ್ಡ ಕೋಣೆಯೊಳಗ ಕೂಡಿಸಿದರು. ದೊಡ್ಡವ ಸಣ್ಣವನಿಗೆ ಕಲಿಸೋದನ್ನು ತಗೊಂಡರು, ಸಾಲಿ ಸಣ್ಣದಿರಬೇಕು ಅನ್ನೋದನ್ನು ಬಿಟ್ಟರು.

ಹಳೇದೆಲ್ಲ ಬಂಗಾರ ಅಂತ ನಾ ಅನ್ನೂದಿಲ್ಲ. ಆ 6,641ರಲ್ಲಿ ಹೆಣ್ಣುಮಕ್ಕಳು ಬರೇ 60. ಎಷ್ಟೋ ಜಾತಿಯವರಿಗೆ ಕಟ್ಟಿ ಹತ್ತಲಿಕ್ಕೇ ಬಿಡುತ್ತಿರಲಿಲ್ಲ. ಎಲ್ಲರಿಗೂ ಬಾಗಿಲು ತೆರೆದದ್ದು ಈಗಿನ ಸರ್ಕಾರಿ ಸಾಲಿ. ಆ ಬಾಗಿಲು ಮುಚ್ಚಬಾರದು, ಒಳಗ ಬಂದ ಮಗು ಗದ್ದಲದೊಳಗ ಕಳೀಲೂಬಾರದು.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಈ ಮಾತು ಇನ್ನೂ ತೂಕದ್ದು. 1956ರಲ್ಲಿ ರಾಜ್ಯಗಳು ವಿಂಗಡ ಆದಾಗ ನಾವು ಮುಂಬೈ ರಾಜ್ಯದಲ್ಲಿ ಉಳಿದೆವು, 1960ರಲ್ಲಿ ಮಹಾರಾಷ್ಟ್ರದವರಾದೆವು. ಗಡಿ ಎಲ್ಲಿರಬೇಕು ಅನ್ನೋದು ದೊಡ್ಡವರ ವಾದ. ಊರಿನ ಕನ್ನಡ ಸಾಲಿ ಮುಗಿಸಿದ ಮಗು ಮರಾಠಿ ಹೈಸ್ಕೂಲಿಗೆ ಹೋಗಿ, ದೊಡ್ಡ ತುಕಡಿಯ ಹಿಂದಿನ ಬಾಕಿನ ಮ್ಯಾಲೆ ಸುಮ್ಮನ ಕೂಡೋದು ನಮ್ಮ ಮನೀ ಕಷ್ಟ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಸಾಲಿಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಸಾಲಿಯ ಹೊರಗೆ ಕಲಿತು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಅಂಥ ಛಲ ಎಲ್ಲ ಮಕ್ಕಳಲ್ಲಿ ಇರೂದಿಲ್ಲ. ಉಳಿದವರಿಗೆ ಬಾಜೂಕ ಕುಂತು ಹೇಳಿಕೊಡುವವರು ಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇತ್ತೆಗೆ 35 ಮಕ್ಕಳಿಗೊಬ್ಬ ಶಿಕ್ಷಕರು ಇರಬೇಕು ಅನ್ನುತ್ತದೆ. ಒಂಬತ್ತು, ಹತ್ತನೇತ್ತೆ ಆ ಕಾಯ್ದೆಯೊಳಗ ಬರೂದಿಲ್ಲ. ಮಗು ಸಾಲಿ ಬಿಡೂದು ಹೆಚ್ಚಾಗಿ ಆ ವಯಸ್ಸಿನಲ್ಲೇ.

ನಮ್ಮ ಗೀಗೀ ಮ್ಯಾಳದಾಗ ಮೂರು ನಾಕು ಮಂದಿ ಇರತೇವಿ. ಒಬ್ಬನ ಸ್ವರ ತಪ್ಪಿದರ ಅಲ್ಲೇ ತಿಳೀತದ, ಅಲ್ಲೇ ತಿದ್ದತೇವಿ. ಜಾತ್ರಿ ಗದ್ದಲದಾಗ ಯಾರ ಸ್ವರ ತಪ್ಪಿತು ಅಂತ ಯಾರಿಗೆ ತಿಳೀತದ?

ಅದಕ್ಕ ಮಾಸ್ತರರಿಗೆ ನನ್ನ ವಿನಂತಿ. ಹೊಸ ಕಟ್ಟಡ ಬೇಡ. ಅರವತ್ತು ಮಕ್ಕಳಿದ್ದರ ಇಪ್ಪತ್ತರ ಮೂರು ಮ್ಯಾಳ ಮಾಡ್ರಿ. ಎಂಟರಿಂದ ಹತ್ತರವರೆಗೆ ಒಂದು ಮ್ಯಾಳಕ್ಕ ಒಬ್ಬರೇ ಮಾಸ್ತರು ಇರಲಿ. ಪಾಠ ಆಯಾ ವಿಷಯದವರೇ ಹೇಳಲಿ, ಇವರು ದಿನಾ ಅರ್ಧ ತಾಸು ಮಕ್ಕಳ ಜೋಡಿ ಕೂಡಲಿ, ವರ್ಷಕ್ಕೊಮ್ಮೆ ಮನೀಗೆ ಬಂದು ಹೋಗಲಿ. ಕನ್ನಡ ಸಾಲಿಯಿಂದ ಬಂದ ಹೊಸ ಮಗುವಿಗೆ, ಮೊದಲೇ ಬಂದ ಕನ್ನಡದ ಹುಡುಗ ಜೋಡಿಯಾಗಲಿ. ಕೆಲಸ ಹೆಚ್ಚಾಗತದ, ಖರೆ. ಆದರ ಗೈರುಹಾಜರಾದ ಮಗುವನ್ನು ಮೂರನೇ ದಿನವೇ ಹುಡುಕಿಕೊಂಡು ಬರುವವರು ಒಬ್ಬರಿದ್ದರ, ಆ ಮಗು ಸಾಲಿ ಬಿಡೂದು ತಪ್ಪತದ.

ಸಂಜೀಕ ನಮ್ಮ ವಾಚನಾಲಯದ ಪಡಸಾಲೆ ಖಾಲಿ ಇರತದ. ಮೊದಲ ಮ್ಯಾಳ ಅಲ್ಲೇ ಕೂಡಲಿ.