ಕದ್ದವರಾರು?

ಮರಾಠಿಗರ ನಾಟಕ ಕನ್ನಡದಿಂದ ಕದ್ದದ್ದೋ, ಕನ್ನಡಿಗರದು ಮರಾಠಿಯಿಂದಲೋ? ಚಿಕ್ಕೋಡಿ, ಅಥಣಿಗಳ ಕಡೆ ಈ ವಾದವನ್ನು ನಾನು ಚಿಕ್ಕಂದಿನಿಂದಲೂ ಕೇಳುತ್ತ ಬಂದಿದ್ದೇನೆ.

1842ರಲ್ಲಿ ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳವು ನಮ್ಮ ಕಾಗವಾಡದಾಚೆಯ ಸಾಂಗಲಿಯಲ್ಲಿ ಆಟವಾಡಿತು. ಅದನ್ನು ಕಂಡ ಅಲ್ಲಿಯ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲಿಯೂ ಇಂಥದೊಂದು ಆಗಲೆಂದರು. 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದರು. ಮಾದರಿ ಕನ್ನಡದ್ದು, ನಿಜ. ಆದರೆ ಪದಗಳನ್ನು ಅವರೇ ಕಟ್ಟಿದ್ದರು.

ಮುಂದೆ ಮರಾಠಿ ಮಂಡಳಿಗಳು ಕನ್ನಡ ನಾಡಿಗೇ ಬಂದವು. ಗದುಗಿನ ಜನ ಅವುಗಳಿಗೆ ಮರುಳಾದದ್ದನ್ನು ಕಂಡು ನೊಂದ ಶಾಂತಕವಿಗಳು 1870ರ ದಶಕದಲ್ಲಿ ಕನ್ನಡ ನಾಟಕ ಬರೆದರು, ಮಂಡಳಿಯನ್ನೂ ಕಟ್ಟಿದರು.

ಇಲ್ಲಿಂದ ಮೇಳ ಹೋಯಿತು. ಅಲ್ಲಿಂದ ಮಂಡಳಿ ಬಂದಿತು. ಇದನ್ನು ಕಳವೆನ್ನಲು ನನ್ನ ಮನಸ್ಸು ಒಪ್ಪದು. ನೆರೆಮನೆಯವರ ಕಡವೆಂದರೆ ಸಾಕು. ಅದನ್ನು ನೆನೆಯಲು ಇಬ್ಬರಿಗೂ ನಾಚಿಕೆ ಬೇಡ.