ಖಾಲಿ ಸಿ.ಡಿ. ನಿಜವಾಗಿ ಖಾಲಿಯೇ?



ಕಾಲೇಜಿನ ಪ್ರಯೋಗಾಲಯದ ಬೀರುಗಳಲ್ಲಿ, ಮನೆಯಲ್ಲಿ ಮದುವೆಯ ಆಲ್ಬಮ್ಮುಗಳ ಪಕ್ಕದಲ್ಲಿ, ಸಿ.ಡಿ. ಮತ್ತು ಡಿ.ವಿ.ಡಿ.ಗಳ ಕಟ್ಟುಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಬರೆಯದ ತಟ್ಟೆಯೊಂದನ್ನು ತೆಗೆದು ಕಂಪ್ಯೂಟರಿನ ಡ್ರೈವಿಗೆ ಹಾಕಿ ತೆರೆಯಲು ಹೋದರೆ, ‘ದಯವಿಟ್ಟು ಡಿಸ್ಕ್ ಹಾಕಿ’ ಎಂಬ ಸೂಚನೆ ಪರದೆಯ ಮೇಲೆ ಬರುವುದುಂಟು. ಹಾಕಿದ ತಟ್ಟೆ ಒಳಗೇ ತಿರುಗುತ್ತಿರುತ್ತದೆ! ತಟ್ಟೆ ಕೆಟ್ಟಿದೆಯೆಂದು ಒಬ್ಬರು, ಡ್ರೈವ್ ಹೋಗಿದೆಯೆಂದು ಇನ್ನೊಬ್ಬರು ತೀರ್ಪು ಕೊಡುತ್ತಾರೆ. ಎಷ್ಟೋ ಸಲ ಎರಡೂ ಚೆನ್ನಾಗಿಯೇ ಇರುತ್ತವೆ. ಹಾಗಾದರೆ ದೋಷವೆಲ್ಲಿ? ಇದನ್ನು ತಿಳಿಯಲು ಈ ತಟ್ಟೆ ಬೆಳೆದು ಬಂದ ದಾರಿಯನ್ನು ನೋಡಬೇಕು.

ನೆದರ್ಲೆಂಡ್ಸಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಕಂಪನಿಗಳು ಕೂಡಿ ರೂಪಿಸಿದ ಸಿ.ಡಿ. 1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ಅದರ ಅಡ್ಡಳತೆ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಸಂಗೀತವನ್ನು ಸೂಕ್ಷ್ಮ ಗುಳಿಗಳ ರೂಪದಲ್ಲಿ ಕಾರ್ಖಾನೆಯಲ್ಲೇ ಅಚ್ಚೊತ್ತಲಾಗುತ್ತಿತ್ತು. ಲೇಸರ್ ಕಿರಣದಿಂದ ಅವನ್ನು ಓದುವುದಷ್ಟೇ ಮನೆಯಲ್ಲಿದ್ದ ಯಂತ್ರದ ಕೆಲಸ. ಗ್ರಾಮಫೋನ್ ತಟ್ಟೆ ಹೊರ ಅಂಚಿನಿಂದ ಒಳಕ್ಕೆ ಹಾಡಿದರೆ, ಇದು ಒಳಗಿನಿಂದ ಹೊರಕ್ಕೆ ಹಾಡುತ್ತಿತ್ತು. ತೀರ ಒಳಸುತ್ತಿನಲ್ಲಿ ವಿಷಯಸೂಚಿ ಇರುತ್ತಿತ್ತು. ಯಂತ್ರ ಮೊದಲು ಅದನ್ನು ಓದಿ, ಎಷ್ಟು ಹಾಡುಗಳಿವೆ, ಯಾವುದು ಎಲ್ಲಿದೆ ಎಂದು ತಿಳಿದುಕೊಳ್ಳುತ್ತಿತ್ತು. ಬರಿದಾದ ಸಿ.ಡಿ.ಯನ್ನು ಕೊಂಡು ತರುವ ಪ್ರಶ್ನೆಯೇ ಆಗ ಇರಲಿಲ್ಲ.

ಕಂಪ್ಯೂಟರಿನವರು ಈ ತಟ್ಟೆಯ ಮೇಲೆ ಕಣ್ಣು ಹಾಕಿದ್ದು ಸಹಜವೇ. ಅಂದಿನ ಫ್ಲಾಪಿಯಲ್ಲಿ ಒಂದೆರಡು ಮೆಗಾಬೈಟಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಸಿ.ಡಿ.ಯಲ್ಲಿ ಸುಮಾರು 650 ಮೆಗಾಬೈಟ್ ಹಿಡಿಯುತ್ತಿತ್ತು. ಆದರೆ ಒಂದೊಂದು ಕಂಪನಿಯೂ ತನ್ನದೇ ರೀತಿಯಲ್ಲಿ ಕಡತಗಳನ್ನು ಜೋಡಿಸತೊಡಗಿತು. ಈ ಗೊಂದಲ ಬಿಡಿಸಲು 1985ರಲ್ಲಿ ಕಂಪನಿಗಳ ಪ್ರತಿನಿಧಿಗಳು ಅಮೆರಿಕದ ಟಾಹೋ ಸರೋವರದ ದಡದ ಹೈ ಸಿಯೆರಾ ಎಂಬ ಹೋಟೆಲಿನಲ್ಲಿ ಸೇರಿದರು. ಅಲ್ಲಿ ಮೂಡಿದ ಒಪ್ಪಂದವೇ 1988ರಲ್ಲಿ ‘ಐ.ಎಸ್.ಓ. 9660’ ಎಂಬ ಅಂತರರಾಷ್ಟ್ರೀಯ ನಿಯಮವಾಯಿತು. ಕಡತಗಳ ಪಟ್ಟಿಯ ಸುಳಿವು ಎಲ್ಲಿರಬೇಕೆಂಬುದನ್ನೂ ಅದು ಗೊತ್ತುಮಾಡಿತು. ನಾವು ಮೌಸ್ ಒತ್ತಿ ಡಿಸ್ಕನ್ನು ‘ತೆರೆಯುವುದು’ ಎಂದರೆ ಇಂಥ ಪಟ್ಟಿಯನ್ನು ಓದುವುದೇ. ಬರೆಯದ ತಟ್ಟೆಯಲ್ಲಿ ಪಟ್ಟಿಯೇ ಇಲ್ಲ, ತೆರೆಯುವುದು ಏನನ್ನು?

ಇನ್ನು ಬರೆಯುವ ತಟ್ಟೆಯ ವಿಚಾರ. ಇದನ್ನು 1988ರಲ್ಲಿ ಸಾಧಿಸಿ ತೋರಿಸಿದ್ದು ಜಪಾನಿನ ತೈಯೋ ಯೂಡೆನ್ ಕಂಪನಿ. ಪ್ಲಾಸ್ಟಿಕ್ಕಿಗೂ ಹೊಳೆಯುವ ಲೋಹದ ಪದರಕ್ಕೂ ನಡುವೆ ಅದು ಬಣ್ಣದ ರಾಸಾಯನಿಕದ ತೆಳು ಲೇಪವನ್ನಿಟ್ಟಿತು. ಲೇಸರನ್ನು ಪ್ರಖರವಾಗಿ ಹಾಯಿಸಿದರೆ ಆ ಲೇಪ ಅಲ್ಲಲ್ಲಿ ಸುಟ್ಟು, ಗುಳಿಯಂತೆಯೇ ಕಾಣುತ್ತದೆ. ‘ಸಿ.ಡಿ. ಬರ್ನ್ ಮಾಡುವುದು’ ಎಂಬ ಮಾತು ಬಂದದ್ದೇ ಹೀಗೆ.

ಆದರೆ ಒಂದು ತೊಡಕಿತ್ತು. ಅಚ್ಚಾದ ಸಿ.ಡಿ.ಯಲ್ಲಿ ಲೇಸರಿಗೆ ಗುಳಿಗಳ ಸಾಲೇ ದಾರಿ. ಏನೂ ಇಲ್ಲದ ತಟ್ಟೆಯ ಮೇಲೆ ಅದು ನಡೆಯುವುದು ಹೇಗೆ? ಇದಕ್ಕೆ ಕಂಡ ಪರಿಹಾರ ಬಲು ಜಾಣತನದ್ದು. ಮಕ್ಕಳ ಕಾಪಿ ಪುಸ್ತಕಕ್ಕೆ ಗೆರೆ ಹಾಕಿರುವಂತೆ, ಬರೆಯುವ ತಟ್ಟೆಗೂ ಕಾರ್ಖಾನೆಯಲ್ಲೇ ಸುರುಳಿಯಾಕಾರದ ಗಾಡಿಯೊಂದನ್ನು ಕೊರೆದಿಡಲಾಯಿತು. ಆ ಗಾಡಿ ನೇರವಾಗಿಲ್ಲ, ಹಾವಿನ ಹಾಗೆ ಅತ್ತಿತ್ತ ಬಳುಕುತ್ತದೆ. ಸಾಮಾನ್ಯ ವೇಗದಲ್ಲಿ ತಿರುಗಿದಾಗ ಈ ಬಳುಕು ಸೆಕೆಂಡಿಗೆ 22,050 ಬಾರಿ. ಈ ಬಳುಕಿನ ಸಣ್ಣ ಏರಿಳಿತದಲ್ಲೇ ತಟ್ಟೆಯ ಸಾಮರ್ಥ್ಯ, ತಯಾರಕರ ಗುರುತು, ಬೇಕಾಗುವ ಲೇಸರಿನ ಬಲ ಮುಂತಾದವನ್ನು ಅಡಗಿಸಿಟ್ಟಿದ್ದಾರೆ. 1990ರ ‘ಆರೆಂಜ್ ಬುಕ್’ ಎಂಬ ನಿಯಮಾವಳಿ ಇದನ್ನೆಲ್ಲ ಖಚಿತಗೊಳಿಸಿತು.

ಅಂದರೆ ಖಾಲಿ ಸಿ.ಡಿ. ಖಾಲಿಯಲ್ಲ. ಅದರಲ್ಲಿ ಬರೆದಿರುವುದನ್ನು ಓದಲು ಬರೆಯುವ ಡ್ರೈವೇ ಬೇಕು. ಓದುವುದಕ್ಕಷ್ಟೇ ತಯಾರಾದ ಡ್ರೈವಿಗೆ ಆ ಬಳುಕಿನ ಭಾಷೆ ತಿಳಿಯದು. ಅದರ ಪಾಲಿಗೆ ಒಳಗೆ ತಟ್ಟೆಯೇ ಇಲ್ಲ. ಆದ್ದರಿಂದ ದೋಷ ಹುಡುಕುವವರು ಮೊದಲು ನೋಡಬೇಕಾದದ್ದು ಡ್ರೈವಿನ ಮುಖದ ಮೇಲಿನ ಗುರುತನ್ನು. ‘ರಾಮ್’ ಎಂದಷ್ಟೇ ಇದ್ದರೆ ಖಾಲಿ ತಟ್ಟೆಯ ಆಸೆ ಬಿಡಬೇಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿದ್ದ ‘ಕಾಂಬೋ’ ಡ್ರೈವ್ ಸಿ.ಡಿ. ಬರೆಯುತ್ತಿತ್ತು, ಡಿ.ವಿ.ಡಿ.ಯನ್ನು ಓದುತ್ತಿತ್ತು, ಬರೆಯುತ್ತಿರಲಿಲ್ಲ. ಅದಕ್ಕೆ ಖಾಲಿ ಡಿ.ವಿ.ಡಿ. ಹಾಕಿ ಡ್ರೈವನ್ನು ಬೈದವರು ಎಷ್ಟು ಮಂದಿಯೋ!

ಡಿ.ವಿ.ಡಿ. ಬಂದ ಮೇಲೆ ಗೊಂದಲ ಇಮ್ಮಡಿಸಿತು. ಸಿ.ಡಿ.ಯ ಲೇಸರ್ 780 ನ್ಯಾನೋಮೀಟರ್ ತರಂಗದೂರದ ಅವಕೆಂಪು ಬೆಳಕು, ಡಿ.ವಿ.ಡಿ.ಯದು 650ರ ಕೆಂಪು ಬೆಳಕು. ಮೊದಲಿನದಕ್ಕಾಗಿ ಮಾಡಿದ ಲೇಪ ಎರಡನೆಯದನ್ನು ಹೀರಿಬಿಡುತ್ತಿತ್ತು. ಹೀಗಾಗಿ ಮೊದಮೊದಲ ಕೆಲವು ಡಿ.ವಿ.ಡಿ. ಡ್ರೈವುಗಳು ಮನೆಯಲ್ಲಿ ಬರೆದ ಸಿ.ಡಿ.ಯನ್ನು ಓದಲಾರದಾದವು. ಆಮೇಲೆ ಒಂದೇ ಡ್ರೈವಿನಲ್ಲಿ ಎರಡು ಲೇಸರುಗಳನ್ನು ಇಡುವ ವಾಡಿಕೆ ಬಂತು. ಎರಡರಲ್ಲಿ ಒಂದು ಸೋತರೆ ಸಿ.ಡಿ. ನಡೆದೀತು, ಡಿ.ವಿ.ಡಿ. ನಡೆಯದು, ಅಥವಾ ಇದಕ್ಕೆ ತಿರುಗುಮುರುಗು. ಕಂಪನಿಗಳ ಪೈಪೋಟಿಯೂ ಸೇರಿಕೊಂಡಿತು. 1997ರಲ್ಲಿ ಬಂದ ‘ಮೈನಸ್ ಆರ್’ ತಟ್ಟೆಗೂ 2002ರಲ್ಲಿ ಬಂದ ‘ಪ್ಲಸ್ ಆರ್’ ತಟ್ಟೆಗೂ ಗಾಡಿಯ ಗುರುತುಗಳೇ ಬೇರೆ. ಎರಡನ್ನೂ ಬರೆಯಬಲ್ಲ ಡ್ರೈವನ್ನು ಸೋನಿ ಹೊರತಂದದ್ದು 2002ರ ಕೊನೆಗೆ. ಅದಕ್ಕಿಂತ ಹಳೆಯ ಡ್ರೈವಾದರೆ ತಟ್ಟೆಯ ಮೇಲಿನ ಕೂಡು-ಕಳೆ ಚಿಹ್ನೆಯನ್ನು ನೋಡಿಯೇ ಕೊಳ್ಳಬೇಕಾಗಿತ್ತು.

ಕಂಪ್ಯೂಟರನ್ನು ನಡೆಸುವ ತಂತ್ರಾಂಶದ ಪಾತ್ರವೂ ಇದೆ. 2001ರ ವಿಂಡೋಸ್ ಎಕ್ಸ್‌ಪಿ ತಾನೇ ಸಿ.ಡಿ. ಬರೆಯಬಲ್ಲದಾಗಿತ್ತು, ಖಾಲಿ ಡಿ.ವಿ.ಡಿ. ಬರೆಯಲು ಅದಕ್ಕೆ ಬೇರೆ ತಂತ್ರಾಂಶದ ನೆರವು ಬೇಕಿತ್ತು. ಆ ಸೌಲಭ್ಯ ಜನರಿಗೆ ದೊರೆತದ್ದು 2007ರ ವಿಸ್ಟಾದಲ್ಲಿ. ಆದ್ದರಿಂದ ತಟ್ಟೆಯ ಚಿತ್ರದ ಮೇಲೆ ಮೌಸ್ ಒತ್ತಿ ಸೋತವರು, ಬರೆಯುವ ತಂತ್ರಾಂಶವನ್ನೇ ತೆರೆದು ಅಲ್ಲಿಂದ ತಟ್ಟೆಯ ವಿವರ ಕೇಳಬೇಕು. ಅಲ್ಲಿ ವಿವರ ಬಂದರೆ ಡ್ರೈವ್ ನೆಟ್ಟಗಿದೆ ಎಂದೇ ಅರ್ಥ. ಬರದಿದ್ದರೆ ಬೇರೆ ಕಂಪನಿಯ ತಟ್ಟೆ ಹಾಕಿ ನೋಡುವುದು, ಮಸೂರದ ಧೂಳು ತೆಗೆಸುವುದು ಇತ್ಯಾದಿ.

ನಮ್ಮ ದೇಶದಲ್ಲಿ ನೋಯ್ಡಾದ ಮೋಸರ್ ಬೇರ್ ಕಂಪನಿ ಇಂಥ ತಟ್ಟೆಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಿ ಹೊರದೇಶಗಳಿಗೂ ಕಳುಹಿಸುತ್ತಿತ್ತು. 2018ರಲ್ಲಿ ಅದರ ಸಮಾಪನಕ್ಕೆ ಆದೇಶವಾಯಿತು. ಇಂದಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವೇ ಇಲ್ಲ. ಹಾಗಿದ್ದೂ ಈ ವಿಷಯ ನಿಮಗೇಕೆ ಎಂದರೆ, ಎಷ್ಟೋ ಮನೆಗಳ ನೆನಪುಗಳು ಈ ತಟ್ಟೆಗಳಲ್ಲಿ ಸಿಕ್ಕಿಕೊಂಡಿವೆ.

ತಟ್ಟೆಯ ಮೇಲೆ ಚಿತ್ರ, ಧ್ವನಿಗಳನ್ನು ಬರೆದು ಮುಗಿದ ಮೇಲೆ, ಒಳಸುತ್ತಿನ ವಿಷಯಸೂಚಿಯನ್ನು ಕಟ್ಟಕಡೆಗೆ ಬರೆದು ಮುಚ್ಚಬೇಕು. ಇದಕ್ಕೆ ‘ಫೈನಲೈಸ್’ ಮಾಡುವುದು ಎನ್ನುತ್ತಾರೆ. 2000ದ ದಶಕದಲ್ಲಿ 8 ಸೆಂಟಿಮೀಟರಿನ ಪುಟ್ಟ ಡಿ.ವಿ.ಡಿ.ಯ ಮೇಲೆ ನೇರವಾಗಿ ಬರೆಯುವ ವಿಡಿಯೋ ಕ್ಯಾಮೆರಾಗಳು ಬಂದಿದ್ದವು. ನಾಮಕರಣವನ್ನೋ ಶಾಲೆಯ ವಾರ್ಷಿಕೋತ್ಸವವನ್ನೋ ಚಿತ್ರಿಸಿ, ಈ ಕೊನೆಯ ಕೆಲಸ ಮಾಡದೆ ಎತ್ತಿಟ್ಟ ತಟ್ಟೆಯನ್ನು ಕಂಪ್ಯೂಟರಿಗೆ ಹಾಕಿದರೆ ‘ಖಾಲಿ’ ಎಂದು ತೋರಿಸಬಹುದು. ಸೂಚಿ ಕಾಣಲಿಲ್ಲವೆಂಬುದಷ್ಟೇ ಅದರ ಮಾತಿನ ಅರ್ಥ. ಆಗ ‘ಫಾರ್ಮ್ಯಾಟ್’ ಅಥವಾ ‘ಅಳಿಸು’ ಎಂಬುದನ್ನು ಒತ್ತಲೇಬಾರದು. ಮತ್ತೆ ಮತ್ತೆ ಬರೆಯಬಹುದಾದ ತಟ್ಟೆಯಾದರೆ ಇದ್ದದ್ದೂ ಹೋದೀತು.

ಇಂಥ ತಟ್ಟೆ ಸಿಕ್ಕರೆ ಅದರ ತಳಭಾಗವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬರೆದ ಭಾಗ ನಡುವಿನ ತೂತಿನ ಕಡೆಯಿಂದ ಹೊರಕ್ಕೆ, ಉಳಿದ ಭಾಗಕ್ಕಿಂತ ಬೇರೆ ಛಾಯೆಯ ಉಂಗುರವಾಗಿ ಕಾಣುತ್ತದೆ. ಉಂಗುರ ಕಂಡರೆ ತಟ್ಟೆಯನ್ನು ಮೊದಲು ಬರೆದ ಕ್ಯಾಮೆರಾಕ್ಕೇ ಹಾಕಿ, ಬ್ಯಾಟರಿ ನಡುವೆ ಆರದಂತೆ ವಿದ್ಯುತ್ ತಂತಿ ಜೋಡಿಸಿ, ಫೈನಲೈಸ್ ಮಾಡಬೇಕು. ಆ ಕ್ಯಾಮೆರಾ ಈಗ ಇಲ್ಲವಾದರೆ, ಸೂಚಿಯ ಹಂಗಿಲ್ಲದೆ ತಟ್ಟೆಯನ್ನು ಮೊದಲಿನಿಂದ ಓದಿಕೊಂಡು ಹೋಗುವ ತಂತ್ರಾಂಶಗಳಿವೆ; ಅವುಗಳಿಗೂ ಬರೆಯುವ ಡ್ರೈವೇ ಇದ್ದರೆ ಒಳ್ಳೆಯದು.