ವೈವಿಧ್ಯ, ಶ್ರೇಣಿ ಮತ್ತು ತಂಡ: ಕೋಲಾರ ಚಿನ್ನದ ಗಣಿಯ ಎರಡು ನಿದರ್ಶನಗಳು

ಸಾರಾಂಶ: ಬೇರೆ ಬೇರೆ ಹಿನ್ನೆಲೆಯವರು ಒಂದೆಡೆ ದುಡಿದ ಮಾತ್ರಕ್ಕೆ ಅದು ತಂಡವಾಗುವುದಿಲ್ಲ. ಭಾಷೆ, ಜಾತಿ, ವರ್ಣ ಮತ್ತು ಹುದ್ದೆಗಳು ಒಂದರ ಮೇಲೊಂದು ಕೂತಾಗ ವೈವಿಧ್ಯವು ಶ್ರೇಣಿಯಾಗುತ್ತದೆ. ಒಬ್ಬೊಬ್ಬರ ತಿಳಿವಳಿಕೆಯೂ ನಿರ್ಧಾರಕ್ಕೆ ಬೇಕಾದಾಗ ಮಾತ್ರ ಅದು ಬಲವಾಗುತ್ತದೆ. ಒಂದೇ ಗಣಿಯಲ್ಲಿ ಕಂಡ ಎರಡು ಬಗೆಯ ದುಡಿಮೆಯನ್ನು ಹೋಲಿಸಿ ಈ ಲೇಖನ ಆ ವಾದವನ್ನು ಮಂಡಿಸುತ್ತದೆ.

1. ಚೌಕಟ್ಟು

ವೈವಿಧ್ಯವನ್ನು ತಲೆಯೆಣಿಕೆಯಿಂದ ಅಳೆಯುವುದು ರೂಢಿ. ಡೇವಿಡ್ ಹ್ಯಾರಿಸನ್ ಮತ್ತು ಕ್ಯಾಥರಿನ್ ಕ್ಲೈನ್ 2007ರಲ್ಲಿ ಅದನ್ನು ಮೂರಾಗಿ ಬಿಡಿಸಿದರು: ಅಭಿಪ್ರಾಯಗಳ ಅಂತರ, ತಿಳಿವಳಿಕೆಯ ಬಹುತ್ವ, ಅಧಿಕಾರ ಹಾಗೂ ಸ್ಥಾನಮಾನಗಳ ಅಸಮಾನತೆ. ಇದಕ್ಕೂ ಮೊದಲು, 1998ರಲ್ಲಿ, ಡೋರಾ ಲಾವ್ ಮತ್ತು ಕೀತ್ ಮರ್ನಿಘನ್ ಗುಂಪಿನೊಳಗಿನ ಬಿರುಕುಗಳ ಕುರಿತು ಬರೆದಿದ್ದರು. ಸದಸ್ಯರ ಹಲವು ಗುಣಗಳು ಒಂದೇ ಗೆರೆಯಲ್ಲಿ ಬೇರ್ಪಟ್ಟರೆ ಗುಂಪು ಆ ಗೆರೆಯಲ್ಲೇ ಒಡೆಯುವ ಸಾಧ್ಯತೆ ಹೆಚ್ಚು ಎಂಬುದು ಅವರ ವಾದ. ಈ ಎರಡು ಪರಿಕಲ್ಪನೆಗಳನ್ನು ನಮ್ಮ ನೆಲದ ದುಡಿಮೆಯ ಚರಿತ್ರೆಗೆ ಹಚ್ಚಿ ನೋಡುವ ಅಗತ್ಯವಿದೆ.

2. ಮೊದಲ ನಿದರ್ಶನ: ಗಣಿಯ ಮೆಟ್ಟಿಲುಗಳು

1880ರ ದಶಕದಿಂದ 1956ರ ರಾಷ್ಟ್ರೀಕರಣದವರೆಗೆ ಕೋಲಾರ ಚಿನ್ನದ ಗಣಿಗಳ (ಕೆ.ಜಿ.ಎಫ್.) ಆಡಳಿತ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿತ್ತು. ಬ್ರಿಟಿಷ್ ಎಂಜಿನಿಯರುಗಳು, ಇಟಲಿಯ ಗಣಿಗಾರರು, ಆಂಗ್ಲೋ ಇಂಡಿಯನ್ನರು, ಪಂಜಾಬಿನಿಂದ ಬಂದ ಕಾವಲುಗಾರರು, ತೆಲುಗರು, ಕನ್ನಡಿಗರು ಇಲ್ಲಿದ್ದರು. ನೆಲದಡಿಯ ದುಡಿಮೆಯ ಬಹುಪಾಲು ಉತ್ತರ ಆರ್ಕಾಟ್ ಮುಂತಾದ ಕಡೆಗಳಿಂದ ಬಂದ ತಮಿಳು ದಲಿತರ ಹೆಗಲ ಮೇಲಿತ್ತು. ತಲೆ ಎಣಿಸಿದರೆ ಆ ಕಾಲಕ್ಕೆ ಇಷ್ಟು ಬಗೆಯ ಜನ ಕೂಡಿದ್ದ ಕೆಲಸದ ಜಾಗ ಮೈಸೂರು ಸಂಸ್ಥಾನದಲ್ಲಿ ಅಪರೂಪ.

ಆದರೆ ಪ್ರತಿಯೊಂದು ಭೇದವೂ ಒಂದೊಂದು ಮೆಟ್ಟಿಲಾಗಿತ್ತು. ವರ್ಣ ಹುದ್ದೆಯನ್ನು ನಿರ್ಧರಿಸಿತು, ಹುದ್ದೆ ವಸತಿಯನ್ನು. ಮೇಲಧಿಕಾರಿಗಳಿಗೆ ಬಂಗಲೆ ಮತ್ತು ಕ್ಲಬ್ಬು, ಕಾರ್ಮಿಕರಿಗೆ ತಟ್ಟಿಗೋಡೆಯ ಒಂದೇ ಕೋಣೆಯ ಲೈನು ಮನೆ. ಇಲ್ಲಿನ ಚಾಂಪಿಯನ್ ರೀಫ್ ಗಣಿ ಮುಂದೆ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು. ಆಳ ಹೆಚ್ಚಿದಂತೆ ಒತ್ತಡದಿಂದ ಬಂಡೆ ಸಿಡಿಯುವ ಅಪಾಯವೂ ಹೆಚ್ಚಿತು. ಆ ಬಂಡೆಯ ಎದುರು ನಿಂತು ಕುಳಿ ಕೊರೆಯುವವನಿಗಿಂತ ಅದರ ಹತ್ತಿರ ಇದ್ದವರು ಬೇರೆ ಯಾರೂ ಇಲ್ಲ. ಅವನು ಕಂಡದ್ದು ಮೇಲಿನವರ ಕಿವಿಗೆ ತಲುಪಬೇಕಾದರೆ ಭಾಷೆ, ಜಾತಿ, ವರ್ಣ, ಹುದ್ದೆ ಎಂಬ ನಾಲ್ಕು ಗೋಡೆಗಳನ್ನು ಒಟ್ಟಿಗೇ ದಾಟಬೇಕಿತ್ತು.

1930ರ ಮುಷ್ಕರ ಈ ಮೌನವನ್ನು ಬಯಲಿಗಿಟ್ಟಿತು. ಕಾರ್ಮಿಕರ ಬೆರಳಚ್ಚು ಪಡೆದು ದಾಖಲಿಸುವ ಹೊಸ ಕ್ರಮದ ವಿರುದ್ಧ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಆಗ ಅವರಿಗೆ ಕಾನೂನಿನ ಮಾನ್ಯತೆ ಪಡೆದ ಸಂಘವಿರಲಿಲ್ಲ. ಮಾತಿಗೆ ಜಾಗವೇ ಇಲ್ಲದ ಕಡೆ ಕೆಲಸ ನಿಲ್ಲಿಸುವುದೊಂದೇ ಮಾತಾಗುತ್ತದೆ. ಜಾನಕಿ ನಾಯರ್ ಅವರ 1998ರ ಅಧ್ಯಯನ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಈ ಲೋಕವನ್ನು ವಿವರವಾಗಿ ತೆರೆದಿಡುತ್ತದೆ.

3. ಎರಡನೆಯ ನಿದರ್ಶನ: ಅದೇ ಗಣಿಯ ಪ್ರಯೋಗಾಲಯ

1965ರಲ್ಲಿ ಇದೇ ಚಾಂಪಿಯನ್ ರೀಫ್‌ನ ಸುಮಾರು 2.3 ಕಿ.ಮೀ. ಆಳದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಕುರುಹನ್ನು ಪತ್ತೆಹಚ್ಚಿದರು. ಮೇಲಿನ ಬಂಡೆ ಇತರ ವಿಶ್ವಕಿರಣಗಳನ್ನು ತಡೆಯುತ್ತಿದ್ದುದರಿಂದ ಆ ಆಳವೇ ಬೇಕಿತ್ತು. ಎಂ.ಜಿ.ಕೆ. ಮೆನನ್, ನಂಜನಗೂಡಿನ ಬಿ.ವಿ. ಶ್ರೀಕಂಠನ್, ಮಿಯಾಕೆ, ವುಲ್ಫೆನ್‌ಡೇಲ್ ಸೇರಿದಂತೆ 11 ಮಂದಿಯ ಹೆಸರಿನಲ್ಲಿ ಪ್ರಬಂಧ ಪ್ರಕಟವಾಯಿತು.

ಇಲ್ಲಿಯೂ ದೇಶ, ಭಾಷೆಗಳು ಬೇರೆಯೇ. ಆದರೆ ಆ ಭೇದ ಅಧಿಕಾರದ ಭೇದವಾಗಲಿಲ್ಲ. ಒಂದೊಂದು ಗುಂಪೂ ತನ್ನ ಪರಿಣತಿಯನ್ನು ತಂದಿತು, ಫಲದಲ್ಲಿ ಎಲ್ಲರ ಹೆಸರೂ ಕೂಡಿತು. ಹ್ಯಾರಿಸನ್ ಮತ್ತು ಕ್ಲೈನ್ ಹೇಳುವ ತಿಳಿವಳಿಕೆಯ ಬಹುತ್ವ ಇದು. ಹಾಗೆಂದು ಈ ತಂಡದ ಎಲ್ಲೆಯನ್ನೂ ಮರೆಯುವಂತಿಲ್ಲ. ಶಾಫ್ಟ್ ನಡೆಸಿದ, ನೆಲದಡಿಯ ದಾರಿಗಳನ್ನು ಸುಸ್ಥಿತಿಯಲ್ಲಿಟ್ಟ ಗಣಿಯ ದುಡಿಮೆಗಾರರಿಲ್ಲದೆ ಆ ಪ್ರಯೋಗ ಸಾಗುತ್ತಿರಲಿಲ್ಲ. ಲೇಖಕರ ಪಟ್ಟಿಯಲ್ಲಿ ಅವರಿಲ್ಲ. ಹಳೆಯ ಬಿರುಕು ಹೊಸ ತಂಡದ ಹೊರಗೆ ಹಾಗೆಯೇ ಉಳಿಯಿತು.

4. ಇಂದಿನ ಅಳತೆ

ಸೆಬಿ ನಿಯಮದಂತೆ ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಕೊಡಬೇಕು. ಅದರಲ್ಲಿ ಮಹಿಳೆಯರ ಮತ್ತು ಅಂಗವಿಕಲರ ಲೆಕ್ಕವಿದೆ, ಕಾಯಂ ಮತ್ತು ಕಾಯಮಲ್ಲದವರ ವಿಂಗಡಣೆಯಿದೆ. ಇದು ಒಳ್ಳೆಯ ಆರಂಭ. ಆದರೆ ಜಾತಿಗೆ ಅಲ್ಲಿ ಕಾಲಮ್ಮಿಲ್ಲ. ಯಾರ ಮಾತಿನಿಂದ ನಿರ್ಧಾರ ಬದಲಾಯಿತು ಎಂಬುದೂ ಅಂಕಿಗಳಲ್ಲಿ ಕಾಣುವುದಿಲ್ಲ. ಗುತ್ತಿಗೆಯ ಕಾವಲು, ಸ್ವಚ್ಛತೆ, ಕ್ಯಾಂಟೀನು ಕೆಲಸದವರು ಯಾವ ಊರಿನವರು, ಯಾವ ಜಾತಿಯವರು ಎಂದು ಕೇಳದೆ ಕಚೇರಿಯ ವೈವಿಧ್ಯವನ್ನು ಅಳೆದೆವೆನ್ನುವುದು ಅರ್ಧಸತ್ಯ.

5. ಸಮಾರೋಪ

ಕೆಲಸದ ಸ್ಥಳವನ್ನು ಅಧ್ಯಯನ ಮಾಡುವವರು ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಹಿನ್ನೆಲೆ ಮತ್ತು ಹುದ್ದೆ ಎಷ್ಟರ ಮಟ್ಟಿಗೆ ಒಂದೇ ಗೆರೆಯಲ್ಲಿವೆ? ಕೆಳಗಿನವರು ಕಂಡ ಅಪಾಯ ನಿರ್ಧಾರ ಕೈಗೊಳ್ಳುವವರನ್ನು ಮುಟ್ಟುವ ದಾರಿ ಯಾವುದು? ಫಲ ಬಂದಾಗ ಯಾರ ಹೆಸರು ದಾಖಲಾಗುತ್ತದೆ? ಈ ಮೂರಕ್ಕೂ ಉತ್ತರ ಕೊಡಲಾಗದ ಸಂಸ್ಥೆಯಲ್ಲಿ ಎಷ್ಟೇ ಬಗೆಯ ಜನರಿದ್ದರೂ ಅದನ್ನು ಎಲ್ಲರನ್ನೂ ಒಳಗೊಂಡ ಸಂಸ್ಥೆ ಎನ್ನಲಾಗದು.